ಪೋಡಿನ ಹಾಡಿಗೊಂದು ಪೀರಿಯಡ್

ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತ ಯಾವ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೂ ‘ಗೊರುಕ ಗೊರುಕನ’ ಎಂಬ ಸೋಲಿಗರ ಹಾಡು-ಕುಣಿತ ಇದ್ದೇ ಇರುತ್ತದೆ. ಪೋಡಿನ, ಎಂದರೆ ಸೋಲಿಗ ಆದಿವಾಸಿಗಳ ಹಟ್ಟಿಯ, ಮಕ್ಕಳು ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಸ್ಪೀಕರಿನಲ್ಲಿ ಬರುವ ರೆಕಾರ್ಡಿಗೆ ಐದು ನಿಮಿಷ ಕುಣಿದು ವೇದಿಕೆಯಿಂದ ಇಳಿಯುತ್ತಾರೆ. ಮುಖ್ಯ ಅತಿಥಿಗಳು ನಮ್ಮ ಬುಡಕಟ್ಟು ಸಂಸ್ಕೃತಿ ಉಳಿಯಬೇಕು ಎಂದು ಮಾತಾಡುತ್ತಾರೆ. ಮಾರನೆಯ ದಿನ ಅದೇ ಮಕ್ಕಳು ತರಗತಿಯಲ್ಲಿ ಕೂತು, ಹೂವಿನ ಭಾಗಗಳನ್ನು ಹೆಸರಿಸಿ ಎಂಬ ಪ್ರಶ್ನೆಗೆ ದಾಸವಾಳದ ಚಿತ್ರ ನೋಡಿ ಉತ್ತರ ಬರೆಯುತ್ತಾರೆ. ನಿನ್ನೆ ಅವರು ಕುಣಿದ ಹಾಡಿನ ತುಂಬ ಹೂವಿತ್ತು, ಹಕ್ಕಿಯಿತ್ತು, ಮರವಿತ್ತು. ಪಾಠಕ್ಕೂ ಅದಕ್ಕೂ ನಂಟಿದೆ ಎಂದು ಆ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿ ನಾನು. ಸೇವೆಯ ಬಹುಪಾಲು ಕಾಡಂಚಿನ ಶಾಲೆಗಳಲ್ಲೇ ಕಳೆದಿದೆ. ಆದಿವಾಸಿ ಕಲೆ ಶಾಲೆಗೆ ಬರಬೇಕು ಎಂಬ ಮಾತನ್ನು ತರಬೇತಿಗಳಲ್ಲಿ, ಸುತ್ತೋಲೆಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಮಗುವಿನ ಕಲಿಕೆ ಶಾಲೆಯ ಹೊರಗಿನ ಬದುಕಿಗೆ ಜೋಡಣೆಯಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಸ್ಥಳೀಯ ಕಲಾವಿದರನ್ನು, ಕುಶಲಕರ್ಮಿಗಳನ್ನು ಶಾಲೆಗೆ ಕರೆಯಿರಿ, ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಅಂಥವರ ಬಳಿ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ಕಾಗದದ ಮೇಲೆ ಕೊರತೆಯಿಲ್ಲ. ನನ್ನ ಮಾತು ಬೇರೆ. ಹಾಡನ್ನು ಕಾರ್ಯಕ್ರಮ ಮಾಡಿದರೆ ಅದು ಶಾಲೆಗೆ ಬಂದಂತಾಗುವುದಿಲ್ಲ. ಹಾಡನ್ನೇ ಪಾಠ ಮಾಡಬೇಕು, ಹಾಡುವವರನ್ನು ಗುರುಗಳ ಜಾಗದಲ್ಲಿ ಕೂರಿಸಬೇಕು, ಅವರ ಸಮಯಕ್ಕೆ ಹಣ ಕೊಡಬೇಕು.

ಗೊರುಕನದ ರಚನೆಯನ್ನೇ ನೋಡಿ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಪಲ್ಲವಿ ಹಿಡಿಯುತ್ತಾರೆ. ಸಾಲು ಬದಲಾಗುತ್ತದೆ, ಪಲ್ಲವಿ ಹಾಗೆಯೇ ಬರುತ್ತದೆ. ಗಂಡಸರು ಹೆಂಗಸರು ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾ ಇಡೀ ರಾತ್ರಿ ಹಾಡಬಲ್ಲರು, ಏಕೆಂದರೆ ಹೊಸ ಸಾಲಿಗೆ ಕೊನೆಯಿಲ್ಲ: ಕಾಡಿನಲ್ಲಿ ಏನು ಕಂಡಿತೋ ಅದೆಲ್ಲ ಸಾಲಾಗುತ್ತದೆ. ಒಂದನೇ ತರಗತಿಗೆ ಓದು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಎಲ್ಲಿ ಸಿಗುತ್ತದೆ? ಪಲ್ಲವಿಯನ್ನು ಬೋರ್ಡಿನ ಮೇಲೆ ಬರೆದುಬಿಟ್ಟರೆ ಸಾಕು. ಮಕ್ಕಳಿಗೆ ಅದು ಬಾಯಲ್ಲಿ ಮೊದಲೇ ಇದೆ, ಈಗ ಕಣ್ಣಿಗೆ ಸಿಗುತ್ತದೆ. ಆಮೇಲೆ ಒಂದೊಂದು ಮಗು ಒಂದೊಂದು ಸಾಲು ಕಟ್ಟುತ್ತದೆ. ಶಾಲೆಗೆ ಬರುವ ದಾರಿಯಲ್ಲಿ ಕಂಡ ಹಕ್ಕಿ, ಅಜ್ಜ ತಂದ ಗೆಡ್ಡೆ, ಹೊಲಕ್ಕೆ ಬಂದ ಹಂದಿ. ಆ ಸಾಲನ್ನು ನಾವು ಬರೆದು ತೋರಿಸಿದಾಗ, ‘ನನ್ನದು’ ಎಂದು ಮಗು ಬೆರಳಿಟ್ಟು ಓದುತ್ತದೆ. ತಿಂಗಳುಗಟ್ಟಲೆ ‘ಅರಸ, ಆಟ’ದಲ್ಲೇ ನಿಂತಿದ್ದ ಮಕ್ಕಳು ಹೀಗೆ ಓದಿಗೆ ಇಳಿದದ್ದನ್ನು ಕಂಡಿದ್ದೇನೆ.

ಇಲ್ಲೊಂದು ಮಾತು ಹೇಳಲೇಬೇಕು. ನಲಿ-ಕಲಿ ಹುಟ್ಟಿದ್ದು ಇಲ್ಲಿಗೆ ದೂರವಲ್ಲದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಜೇನುಕುರುಬರು, ಬೆಟ್ಟಕುರುಬರು, ಯರವರು ಇರುವ ತಾಲ್ಲೂಕು ಅದು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರೇ ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿ ನೋಡಿಬಂದು, ಕಾರ್ಡುಗಳನ್ನು, ಹಾಡುಗಳನ್ನು ಕೂತು ತಯಾರಿಸಿದರು. ನಲಿಯುತ್ತಾ ಕಲಿಯುವ ಆ ಪದ್ಧತಿ ರಾಜ್ಯಕ್ಕೆಲ್ಲ ಹಬ್ಬಿತು, ಬಹಳ ಒಳ್ಳೆಯದಾಯಿತು. ಆದರೆ ಹಬ್ಬುವ ಹೊತ್ತಿಗೆ ಬೀದರಿಗೂ ಬಿಳಿಗಿರಿಗೂ ಕಾರ್ಡು ಒಂದೇ ಆಯಿತು. ಶಿಕ್ಷಕರೇ ಊರಿನ ಸಾಮಗ್ರಿಯಿಂದ ಕಲಿಕೆ ಕಟ್ಟಬಹುದು ಎಂಬ ಮೂಲ ಧೈರ್ಯ ಕಾರ್ಡಿನ ಜೊತೆ ಹಬ್ಬಲಿಲ್ಲ. ನನಗೆ ಅದು ಬೇಕು.

ಮೇಲಿನ ತರಗತಿಗೆ ಹೋದಂತೆ ಹಾಡು ಇನ್ನೂ ದೊಡ್ಡದಾಗುತ್ತದೆ. ಐದನೇ ತರಗತಿಯ ಪರಿಸರ ಅಧ್ಯಯನಕ್ಕೆ ನಾವು ಮಾಡಿದ್ದು ಹೂವಿನ ಪಂಚಾಂಗ. ಹಾಡಿನಲ್ಲಿ ಬಂದ ಮರಗಳನ್ನೆಲ್ಲ ಮಕ್ಕಳು ಪಟ್ಟಿ ಮಾಡಿದರು. ಯಾವುದು ಯಾವ ತಿಂಗಳು ಹೂ ಬಿಡುತ್ತದೆ, ಯಾವುದಕ್ಕೆ ಜೇನು ಕೂರುತ್ತದೆ ಎಂದು ಮನೆಯಲ್ಲಿ ಕೇಳಿಕೊಂಡು ಬಂದರು. ಮತ್ತಿ, ಹೊನ್ನೆ, ನೆಲ್ಲಿ, ಬೂರುಗ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಬೇರೆ ಬೇರೆ ಕಡೆ ಗೂಡು ಕಟ್ಟುತ್ತವೆ. ಹೆಜ್ಜೇನು ಎತ್ತರದ ಮರದ ಕೊಂಬೆಗೋ ಬಂಡೆಗೋ ಬಯಲಲ್ಲೇ ಒಂದೇ ದೊಡ್ಡ ತಟ್ಟಿ ಇಳಿಬಿಡುತ್ತದೆ, ತುಡುವೆ ಪೊಟರೆಯೊಳಗೆ ಸಾಲು ತಟ್ಟಿ ಕಟ್ಟುತ್ತದೆ, ನಸರಿಗೆ ಚುಚ್ಚಲು ಮುಳ್ಳೇ ಇಲ್ಲ. ಇಷ್ಟನ್ನು ಹತ್ತು ವರ್ಷದ ಮಗು ಪುಸ್ತಕ ನೋಡದೆ ಹೇಳುತ್ತದೆ. ಆ ಮಗುವನ್ನು ನಾವು ‘ಹಿಂದುಳಿದ ವಿದ್ಯಾರ್ಥಿ’ ಎಂದು ರಿಜಿಸ್ಟರಿನಲ್ಲಿ ಗುರುತು ಮಾಡಿರುತ್ತೇವೆ. ಆ ಗುರುತು ಮಗುವಿನದಲ್ಲ, ನಾವು ಕೇಳುವ ಪ್ರಶ್ನೆಯದು.

ಗಣಿತವೂ ಅಲ್ಲೇ ಇದೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಕಲ್ಲುಪಾಚಿ ಇವೆಲ್ಲ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಹೋಗುವ ಸರಕು. ತೂಕ, ದರ, ಕಡಿತ, ಕೈಗೆ ಬಂದ ಹಣ. ಲಾಭ ನಷ್ಟದ ಲೆಕ್ಕಕ್ಕೆ ಸೈಕಲ್ ಅಂಗಡಿಯವನ ಉದಾಹರಣೆ ಕೊಡುವ ಬದಲು ಇದನ್ನು ಕೊಟ್ಟರೆ, ಮಗು ಸಂಜೆ ಮನೆಗೆ ಹೋಗಿ ಅಪ್ಪನ ಚೀಟಿಯನ್ನೇ ತೆಗೆದು ನೋಡುತ್ತದೆ.

ಆದರೂ ನಾನು ಎದುರಿಸಿದ ಅತಿ ಗಟ್ಟಿ ಆಕ್ಷೇಪ ಇಲಾಖೆಯಿಂದ ಬಂದದ್ದಲ್ಲ, ಪೋಡಿನಿಂದಲೇ ಬಂದದ್ದು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದಳು: “ನಮ್ ಹಾಡ ನಾವ್ ಕಲಿಸ್ಕತೀವಿ ಟೀಚರಮ್ಮ. ನೀವು ಇಂಗ್ಲಿಷ್ ಕಲಿಸಿ, ಲೆಕ್ಕ ಕಲಿಸಿ. ನಮ್ ಮಕ್ಳು ಕುಣ್ಕಂಡೇ ಇರ್ಬೇಕಾ?” ಆಕೆಯ ಸಿಟ್ಟು ನ್ಯಾಯವಾದದ್ದು. ಸೋಲಿಗರ ಮಗುವಿಗೆ ಕುಣಿತ, ಪೇಟೆಯ ಮಗುವಿಗೆ ಕಂಪ್ಯೂಟರು ಎಂಬ ಹಂಚಿಕೆಯನ್ನು ಆಕೆ ಬದುಕಿನುದ್ದಕ್ಕೂ ನೋಡಿದ್ದಾಳೆ. ಹಾಡನ್ನು ಕಲಿಕೆಯ ಬದಲಿಗೆ ಕೊಡುವವರು ಆ ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಹಾಡಿನ ಮೂಲಕ ಓದು, ಲೆಕ್ಕ, ವಿಜ್ಞಾನ, ನಕ್ಷೆ ಎಲ್ಲವೂ ಗಟ್ಟಿಯಾಗಬೇಕು, ಮಗು ಏಳನೇ ತರಗತಿ ದಾಟುವಾಗ ಯಾವ ಪೇಟೆ ಮಗುವಿಗೂ ಕಡಿಮೆಯಿಲ್ಲದೆ ಇಂಗ್ಲಿಷ್ ಓದಬೇಕು. ಅದಾಗದಿದ್ದರೆ ಆ ತಾಯಿಯೇ ಸರಿ. ಅವತ್ತು ನಾನು ಕೊಟ್ಟ ಉತ್ತರ ಮಕ್ಕಳ ನೋಟ್‌ಪುಸ್ತಕ. ಹೂವಿನ ಪಂಚಾಂಗ, ಅದರ ಪಕ್ಕ ಬರೆದ ಕನ್ನಡ ಪ್ಯಾರಾ, ಕೆಳಗೆ ಇಂಗ್ಲಿಷಿನಲ್ಲಿ ಮೂರು ವಾಕ್ಯ. ಆಕೆ ಪುಟ ತಿರುವಿ, ಮಗಳನ್ನು ಕರೆದು ಓದಿಸಿದಳು. ಒಪ್ಪಿದಳು ಎಂದು ಹೇಳಲಾರೆ. ಮುಂದಿನ ಸಭೆಗೂ ಬಂದಳು, ಪುಸ್ತಕ ತರಿಸಿ ನೋಡಿದಳು. ಪೋಷಕರು ಹೀಗೇ ಇರಬೇಕು ಎನ್ನುವವಳು ನಾನು.

ಇನ್ನು ನಕ್ಷೆ. ನನಗೆ ಅತ್ಯಂತ ಪ್ರಿಯವಾದ ಪಾಠ ಇದು.

ಸೋಲಿಗರ ಹಿರಿಯರು ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರ ಜೊತೆ ಸೇರಿ ಬಿಳಿಗಿರಿ ಕಾಡಿನ ಒಂದು ಸಾಂಸ್ಕೃತಿಕ ನಕ್ಷೆ ಮಾಡಿದ್ದಾರೆ. ಕಾಡಿನ ಒಳಗೆ ನಡೆದು, ಒಂದೊಂದು ಜಾಗದ ಮುಂದೆ ನಿಂತು, ಜಿಪಿಎಸ್ ಹಿಡಿದು ಗುರುತು ಮಾಡಿದ ನಕ್ಷೆ. ನಾನೂರಕ್ಕೂ ಹೆಚ್ಚು ಪವಿತ್ರ ತಾಣಗಳು ಅದರಲ್ಲಿವೆ. ಕಾಡನ್ನು ಅವರು ‘ಯಲ್ಲೆ’ಗಳಾಗಿ ನೋಡುತ್ತಾರೆ. ಒಂದೊಂದು ಯಲ್ಲೆ ಒಂದೊಂದು ಕುಲಕ್ಕೆ ಸೇರಿದ್ದು. ಯಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುತ್ತವೆ. ಕಲ್ಲುಗುಡಿ ಎಂದರೆ ಸತ್ತವರ ನೆನಪಿನ ಕಲ್ಲು, ಅಬ್ಬಿ ಎಂದರೆ ನೀರು. ಯಾವ ಕುಲದವರು ಯಾವ ಯಲ್ಲೆಯ ದೇವರಿಗೆ ಯಾವಾಗ ಪೂಜೆ ಕೊಡಬೇಕು ಎಂಬುದು ಹಿರಿಯರಿಗೆ ಗೊತ್ತಿದೆ.

ಆರನೇ ತರಗತಿಯ ಸಮಾಜ ವಿಜ್ಞಾನದಲ್ಲಿ ನಕ್ಷೆಯ ಪಾಠ ಬರುತ್ತದೆ: ದಿಕ್ಕು, ಅಳತೆ, ಸಂಕೇತ. ನಾವು ಮೊದಲು ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿ, ಬೂದಿ, ಕಲ್ಲು ಇಟ್ಟು ಪೋಡುಗಳ ನಕ್ಷೆ ಬಿಡಿಸಿದೆವು. ಬಂಗ್ಲೆಪೋಡು ಎಲ್ಲಿ, ಸೀಗೆಬೆಟ್ಟ ಎಲ್ಲಿ, ಕೆರೆದಿಂಬ ಎಷ್ಟು ದೂರ, ದೊಡ್ಡ ಸಂಪಿಗೆಗೆ ಹೋಗುವ ದಾರಿ ಯಾವುದು, ಭಾರ್ಗವಿ ನದಿ ಹೇಗೆ ಬಳಸಿ ಬರುತ್ತದೆ. ಪೋಡಿನಿಂದ ಬಂದಿದ್ದ ಒಬ್ಬ ತಾತ ಸುಮ್ಮನೆ ನೋಡುತ್ತಾ ನಿಂತಿದ್ದವರು ಕೋಲು ತೆಗೆದುಕೊಂಡು ಬಂದು ಒಂದು ಕಲ್ಲನ್ನು ಸರಿಸಿದರು. ಮಕ್ಕಳ ಲೆಕ್ಕದಲ್ಲಿ ಆ ಜಾಗ ರಸ್ತೆಯಿಂದ ದೂರವಿತ್ತು. ತಾತ ನಡೆಯುವ ಹಳೆಯ ಕಾಲುದಾರಿಯಲ್ಲಿ ಅದು ಹತ್ತಿರ. ರಸ್ತೆ ಸುತ್ತಿ ಹೋಗುತ್ತದೆ ಎಂಬುದು ಆಗಲೇ ಮಕ್ಕಳಿಗೆ ಹೊಳೆದದ್ದು. ಆಮೇಲೆ ಸರ್ಕಾರಿ ಭೂಪಟ ತೆಗೆದು ಪಕ್ಕದಲ್ಲಿಟ್ಟೆವು. ಎರಡೂ ನಿಜವಾದ ನಕ್ಷೆಗಳೇ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಏಕಿಲ್ಲ ಎಂದು ಮಕ್ಕಳು ಕೇಳಿದ ಪ್ರಶ್ನೆ ಆ ಪಾಠದ ಅತ್ಯುತ್ತಮ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ 1974ರಲ್ಲಿ ಈ ಕಾಡು ವನ್ಯಧಾಮವಾದದ್ದು, ಒಳಗಿನ ಪೋಡುಗಳಿಂದ ಜನರನ್ನು ಹೊರಗೆ ತಂದು ನೆಲೆಗೊಳಿಸಿದ್ದು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದದ್ದು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು, ಎಲ್ಲವನ್ನೂ ಹೇಳಬೇಕಾಗುತ್ತದೆ. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಮಕ್ಕಳ ಸ್ವಂತ ಊರಿನ ಚರಿತ್ರೆ ಇದು.

ಬೆಂಕಿಯ ವಿಷಯದಲ್ಲಿ ಎಚ್ಚರ ಬೇಕು. ಬೇಸಿಗೆ ಬಲಿಯುವ ಮುನ್ನ, ನೆಲದ ತರಗೆಲೆಗೆ ಮಾತ್ರ ತಾಗುವಂತೆ ಹಾಕುತ್ತಿದ್ದ ಸಣ್ಣ ಬೆಂಕಿಯನ್ನು ಸೋಲಿಗರು ತರಗು ಬೆಂಕಿ ಎನ್ನುತ್ತಾರೆ. ಆ ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹತ್ತಿತು ಎನ್ನುವುದು ಹಿರಿಯರ ಮಾತು. ಕಾಡಿಗೆ ಬೆಂಕಿ ಇಡುವುದು ಇವತ್ತು ಅಪರಾಧ, ಮಕ್ಕಳಿಗೆ ಅದನ್ನು ಮೊದಲೇ ಹೇಳಬೇಕು. ಹಾಗೆಂದು ಹಿರಿಯರ ಮಾತನ್ನು ಮೂಢನಂಬಿಕೆಯ ಪಟ್ಟಿಗೆ ತಳ್ಳಬೇಕಾಗಿಲ್ಲ, ಪ್ರಶ್ನಿಸದೆ ಒಪ್ಪಬೇಕಾಗಿಯೂ ಇಲ್ಲ. ಪರೀಕ್ಷಿಸಬಹುದು. ವಿಜ್ಞಾನ ಎಂದರೆ ಅದೇ ತಾನೇ. ಬಿಳಿಗಿರಿಯಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ 1997ರಲ್ಲಿ ನೂರಕ್ಕೆ 41ರಷ್ಟು ತಾಕುಗಳಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ ಅದು 81 ಆಯಿತು. ಶೇಕಡಾವಾರು ಕಲಿಯುವ ಮಕ್ಕಳಿಗೆ ಈ ಎರಡು ಅಂಕಿ ಕೊಟ್ಟು ಸ್ತಂಭಾಲೇಖ ಬಿಡಿಸಲು ಹೇಳಿ ನೋಡಿ. ‘ಯಾಕೆ ಹೀಗಾಯಿತು?’ ಎಂಬ ಪ್ರಶ್ನೆಯನ್ನು ನೀವು ಕೇಳಬೇಕಾಗಿಯೇ ಇಲ್ಲ. ಬೆಂಕಿ ನಿಂತದ್ದು ಒಂದು ಕಾರಣ ಇರಬಹುದು, ಬೇರೆ ಕಾರಣಗಳೂ ಇರಬಹುದು. ಅಜ್ಜನ ಮಾತು ಒಂದು ಊಹೆಯಾಗಿ, ಅದನ್ನು ತೂಗಿ ನೋಡಬಹುದಾದ ಪುರಾವೆಗಳು ಯಾವುವು ಎಂದು ಮಕ್ಕಳು ಯೋಚಿಸತೊಡಗುತ್ತಾರೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಬ್ರಿಟಿಷರು ಈ ದೇಶಕ್ಕೆ ತಂದ ಗಿಡ ಇಡೀ ಕಾಡನ್ನು ಮುಚ್ಚಿದ ಕತೆ ಅದರ ಜೊತೆಗೇ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವ ಸೋಲಿಗರಿದ್ದಾರೆ. ಬಿದಿರು ಸಿಗದಾದಾಗ ಬಿದಿರಿನ ಕೈಚಳಕವನ್ನು ಹೊಸ ಗಿಡಕ್ಕೆ ತಿರುಗಿಸಿದವರು ಅವರು. ಕರಕುಶಲ ಪೀರಿಯಡ್ಡಿಗೆ ಐಸ್‌ಕ್ರೀಮ್ ಕಡ್ಡಿಯ ಮನೆ ಮಾಡಿಸುವ ನಮಗೆ ಅದು ಕಣ್ಣಿಗೆ ಬೀಳದೆ ಹೋಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಹಾಡುವವರ ಮಾತು.

ಹಿರಿಯರನ್ನು ಶಾಲೆಗೆ ಕರೆಯುವುದು ಸುಲಭ, ಹೇಗೆ ಕರೆಯುತ್ತೇವೆ ಎಂಬುದು ಕಷ್ಟ. ಎಷ್ಟೋ ಕಡೆ ನೋಡಿದ್ದೇನೆ: ಅಜ್ಜಿಯನ್ನು ಕರೆಸಿ, ಕಾರಿಡಾರಿನಲ್ಲಿ ಕೂರಿಸಿ, ಅತಿಥಿಗಳು ಬರುವವರೆಗೆ ಕಾಯಿಸಿ, ಎರಡು ಹಾಡು ಹೇಳಿಸಿ, ಒಂದು ಶಾಲು ಹೊದಿಸಿ ಕಳಿಸುವುದು. ಆ ದಿನದ ಕೂಲಿ ಅವರಿಗೆ ಹೋಯಿತು ಎಂದು ಯಾರೂ ಯೋಚಿಸುವುದಿಲ್ಲ. ನನ್ನ ತರಗತಿಗೆ ಬರುತ್ತಿದ್ದ ಅಜ್ಜಿಗೆ ನಾನು ಕುರ್ಚಿ ಹಾಕಿದರೆ ಮೊದಮೊದಲು ಕೂರುತ್ತಲೇ ಇರಲಿಲ್ಲ. ಟೀಚರು ನಿಂತಿರುವಾಗ ತಾನು ಹೇಗೆ ಕೂರುವುದು ಎಂಬ ಸಂಕೋಚ. ನಾನು ಮಕ್ಕಳ ಜೊತೆ ನೆಲದ ಮೇಲೆ ಕೂತ ಮೇಲೆಯೇ ಕೂತದ್ದು. ಮಕ್ಕಳ ಕಣ್ಣು ಆಗ ಹೇಗೆ ಬದಲಾಯಿತು ಎಂಬುದನ್ನು ಬರೆದು ತೋರಿಸುವ ಶಕ್ತಿ ನನಗಿಲ್ಲ. ತಮ್ಮ ಅಜ್ಜಿ ಟೀಚರ್ ಕುರ್ಚಿಯಲ್ಲಿ, ಟೀಚರ್ ತಮ್ಮ ಸಾಲಿನಲ್ಲಿ.

ಅಜ್ಜಿ ಎಲ್ಲ ಹಾಡನ್ನೂ ಹೇಳುತ್ತಿರಲಿಲ್ಲ. ಸಾವಿನ ಮನೆಯ ಹಾಡು ಕೇಳಿದ ಒಬ್ಬ ಹುಡುಗನಿಗೆ, “ಅದ ಇಲ್ಲಿ ಹಾಡ್ಬಾರ್ದು ಕೂಸೆ, ಇದು ಅಕ್ಷರದ ಮನೆ” ಎಂದರು. ಕೆಲವನ್ನು ಹೇಳುವಾಗ ಮೊಬೈಲ್ ಆಫ್ ಮಾಡಿಸುತ್ತಿದ್ದರು. ಹೊಸ ರಾಗಿ ಬಂದಾಗ ಮಾಡುವ ರೊಟ್ಟಿ ಹಬ್ಬದ ಮಾತನ್ನು ರಾಗಿ ಕೊಯ್ಲಿನ ಹೊತ್ತಿಗೇ ಕೇಳಬೇಕು ಎಂದು ಮುಂದೂಡಿದರು. ನಮ್ಮ ಪಾಠಯೋಜನೆಯಲ್ಲಿ ಅದು ಜುಲೈಗೆ ಇತ್ತು, ಅದನ್ನೇ ಬದಲಿಸಿಕೊಂಡೆವು. ಯಾವುದು ತರಗತಿಗೆ, ಯಾವುದು ದೇವರ ಮುಂದೆ, ಯಾವುದು ಹೊರಗಿನವರಿಗೆ ಬೇಡ ಎಂದು ತೀರ್ಮಾನಿಸುವ ಹಕ್ಕು ಹಾಡಿನ ಒಡೆಯರದು. ಯೂಟ್ಯೂಬಿಗೆ ಹಾಕಲು ಆತುರ ಪಡುವ ನಮ್ಮಂಥವರಿಗೆ ಇದನ್ನು ಒಪ್ಪಲು ಹೊತ್ತು ಬೇಕಾಗುತ್ತದೆ. ಆದರೆ ಮಕ್ಕಳು ಇದರಿಂದ ಕಲಿಯುವುದು ದೊಡ್ಡದು: ಅರಿವಿಗೆ ಯಜಮಾನರಿದ್ದಾರೆ, ಕೇಳಿ ಪಡೆಯಬೇಕು.

ಬಯಲಿನ ಮಕ್ಕಳಿಗೂ ಇದು ಬೇಕು, ಬಹುಶಃ ಅವರಿಗೇ ಹೆಚ್ಚು ಬೇಕು. ಬೆಟ್ಟದ ಬುಡದ ಊರುಗಳಲ್ಲಿ ರಂಗನಾಥನ ತೇರಿಗೆ ಎಲ್ಲರೂ ಹೋಗುತ್ತಾರೆ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಅದಕ್ಕೇ ಸೋಲಿಗರು ಅವನನ್ನು ಭಾವ ಎನ್ನುತ್ತಾರೆ ಎಂಬ ಕತೆ ಎಲ್ಲರಿಗೂ ಗೊತ್ತು. ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರ ಕಂಸಾಳೆ ಕೇಳುತ್ತಲೇ ಬೆಳೆದವರು ಅವರು. ಆ ಕಾವ್ಯದಲ್ಲಿ ಸಂಕಮ್ಮನ ಗಂಡ ಜೇನಿಗೆಂದು ಕಾಡಿಗೆ ಹೋಗುತ್ತಾನೆ. ಇಷ್ಟು ಹತ್ತಿರವಿದ್ದೂ, ಪಕ್ಕದ ಬೆಂಚಿನ ಸೋಲಿಗ ಹುಡುಗನನ್ನು ‘ಕಾಡಿನವನು’ ಎಂದು ದೂರ ಇಡುವುದು ನಿಂತಿಲ್ಲ. ಬಿಳಿಗಿರಿ ಕಾಡಿನಲ್ಲಿ ವಿಜ್ಞಾನಿಗಳು ಕಂಡುಹಿಡಿದ ಒಂದು ಹೊಸ ಕಣಜದ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟಿದ್ದಾರೆ, ಈ ಕಾಡನ್ನು ಕಾಪಾಡಿದವರ ಗೌರವಕ್ಕೆ. ಈ ಸುದ್ದಿಯನ್ನು ಮಿಶ್ರ ತರಗತಿಯಲ್ಲಿ ಓದಿ ಹೇಳಿದ ದಿನ ಆ ಹುಡುಗನ ಸುತ್ತ ಉಳಿದವರು ಗುಂಪುಗೂಡಿ ಕಾಡಿನ ಪ್ರಶ್ನೆ ಕೇಳಿದರು.

ಕಾಲ ಕಾಯುವುದಿಲ್ಲ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಇಬ್ಬರು ಅಜ್ಜಿಯರು ಪದ್ಮಶ್ರೀ ಪಡೆದವರು. ಹೊನ್ನಳ್ಳಿಯ ತುಳಸಿ ಗೌಡರಿಗೆ ಬೀಜ, ಸಸಿ, ತಾಯಿಮರಗಳ ಅರಿವು ಕೈಯಲ್ಲಿತ್ತು. ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ನೂರಾರು ಹಾಡು ಕಂಠದಲ್ಲಿತ್ತು, ಸಾರಾಯಿ ವಿರುದ್ಧ ಹೋರಾಡಿದ ಎದೆಗಾರಿಕೆ ಬೇರೆ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಒಂದು ಪದವಿಯೂ ಇಲ್ಲದ ಇವರಿಬ್ಬರಲ್ಲಿ ಸಸ್ಯಶಾಸ್ತ್ರದ, ಸಾಹಿತ್ಯದ ಎಷ್ಟು ತರಗತಿಗಳಿದ್ದವು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಅವರಂಥವರು ಪ್ರಶಸ್ತಿಯಿಲ್ಲದೆ, ಹೆಸರಿಲ್ಲದೆ, ಒಂದೊಂದು ಪೋಡಿನಲ್ಲಿ, ಹಾಡಿಯಲ್ಲಿ, ಕೊಪ್ಪದಲ್ಲಿ ಇನ್ನೂ ಇದ್ದಾರೆ.

ನನ್ನ ಬೇಡಿಕೆ ಚಿಕ್ಕದು. ಪ್ರತಿ ವರ್ಷ ಜೂನ್ ಬಂದರೆ ಸರ್ಕಾರ ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ, ಗೌರವಧನ ಕೊಡುತ್ತದೆ. ಅದೇ ವ್ಯವಸ್ಥೆಯೊಳಗೆ, ಆಶ್ರಮ ಶಾಲೆಗಳಿಗೂ ಕಾಡಂಚಿನ ಸರ್ಕಾರಿ ಶಾಲೆಗಳಿಗೂ ವಾರಕ್ಕೆ ಎರಡು ಪೀರಿಯಡ್ ಒಬ್ಬ ಹಿರಿಯರನ್ನು ತೆಗೆದುಕೊಳ್ಳಲು ಅವಕಾಶ ಕೊಡಿ. ಡಿ.ಎಡ್ ಕೇಳಬೇಡಿ, ಟಿಇಟಿ ಕೇಳಬೇಡಿ. ಯಾರನ್ನು ಕಳಿಸಬೇಕು ಎಂದು ಪೋಡಿನ ಗ್ರಾಮಸಭೆ ತೀರ್ಮಾನಿಸಲಿ, ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಒಪ್ಪಿಗೆ ಕೊಡಲಿ. ಆ ಎರಡು ಪೀರಿಯಡ್ಡಿನಲ್ಲಿ ತರಗತಿಯ ಶಿಕ್ಷಕರು ಆಫೀಸಿನ ಕೆಲಸಕ್ಕೆ ಹೋಗದೆ ಅಲ್ಲೇ ಕೂತು ಬರೆದುಕೊಳ್ಳಲಿ, ಉಳಿದ ದಿನಗಳ ಲೆಕ್ಕ, ವಿಜ್ಞಾನ, ಭಾಷೆಯ ಪಾಠವನ್ನು ಅದಕ್ಕೆ ಹೆಣೆಯಲಿ. ದಿನಗೂಲಿಗಿಂತ ಕಡಿಮೆಯಾಗದ ಗೌರವಧನ ಆ ಹಿರಿಯರ ಖಾತೆಗೆ ತಿಂಗಳು ತಿಂಗಳು ಜಮೆಯಾಗಲಿ. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳ ಕೆಳಗೆ ಅವರದೂ ಒಂದು ಸಾಲಿರಲಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಲಿ.